ಗೋಧಿ ಇಲ್ಲದ ಸಿನಮನ್ ರೋಲಿನ ಹಿಂದಿನ ಕಥಿ

ಪರದೇಶದಾಗ ಮಕ್ಕಳು ಮೊಮ್ಮಕ್ಕಳಿದ್ದ ನಮ್ಮ ಅಕ್ಕಾಗೋಳು, ವೈನಿಗೋಳು ಇತ್ತಿತ್ಲಾಗ ಒಂದ ಪ್ರಶ್ನಿ ಕೇಳ್ತಾರ. "ಮೊಮ್ಮಗಳಿಗೆ ಗೋಧಿ ಆಗೂದಿಲ್ಲ. ಅಂಗಡಿಯಿಂದ ಗ್ಲುಟೆನ್ ಇಲ್ಲದ ಸಿನಮನ್ ರೋಲ್ ತರ್ತಾರ. ಅವತ್ತು ಮೆತ್ತಗಿರ್ತದ, ಮರುದಿನ ಫ್ರಿಜ್ಜಿನಿಂದ ತಗದ್ರ ಕಲ್ಲಾಗಿರ್ತದ. ಯಾಕ?" ಉತ್ತರ ಸಣ್ಣದದ, ಕೆಳಗ ಹೇಳೇನಿ. ಆದ್ರ ಆ ದಾಲ್ಚಿನ್ನಿ ಸುರುಳಿ ಕೂಸಿನ ತಾಟಿಗೆ ಬರೂದರ ಹಿಂದ ದೊಡ್ಡ ಕಥಿ ಅದ. ಅದನ್ನ ಮೊದ್ಲ ಕೇಳ್ರಿ.

1888ರಾಗ ಲಂಡನ್ನಿನ ಡಾಕ್ಟರ್ ಸ್ಯಾಮ್ಯುಯೆಲ್ ಗೀ ಸೀಲಿಯಾಕ್ ರೋಗದ ಬಗ್ಗೆ ಬರದ್ರು. ಕೈಕಾಲು ಕಡ್ಡಿ, ಹೊಟ್ಟಿ ಉಬ್ಬರ, ತಿಂದದ್ದು ಮೈಗೆ ಹತ್ತೂದಿಲ್ಲ, ಕೂಸು ಸೊರಗತದ. ಇದಕ್ಕ ಗುಣ ಅನ್ನೂದು ಇದ್ರ ಊಟದಾಗ ಇರಬೇಕು ಅಂತ ಅವರು ಹೇಳಿದ್ರು. ಯಾವ ಊಟ ಅನ್ನೂದು ಮಾತ್ರ ಗೊತ್ತಾಗಲಿಲ್ಲ. 1924ರಾಗ ನ್ಯೂಯಾರ್ಕಿನ ಡಾಕ್ಟರ್ ಸಿಡ್ನಿ ಹಾಸ್ ಇಂಥಾ ಕೂಸುಗಳಿಗೆ ಬಾಳಿಹಣ್ಣಿನ ಪಥ್ಯ ಹಚ್ಚಿದ್ರು. ಕೂಸುಗಳು ಚೇತರಿಸಿಕೊಂಡ್ವು. ಎಲ್ಲಾರೂ ಬಾಳಿಹಣ್ಣನ್ನ ಔಷಧ ಅಂದ್ಕೊಂಡ್ರು. ಖರೆ ಕಾರಣ ಬ್ಯಾರೆನ ಇತ್ತು: ಆ ಪಥ್ಯದಾಗ ಬ್ರೆಡ್ ಇರಲಿಲ್ಲ.

ಆ ಗಂಟು ಬಿಚ್ಚಿದವರು ಹಾಲೆಂಡಿನ ಮಕ್ಕಳ ಡಾಕ್ಟರ್ ವಿಲ್ಲೆಮ್ ಡಿಕ್ಕೆ. ದ ಹೇಗ್ ಊರಿನ ದವಾಖಾನ್ಯಾಗ 1930ರ ದಶಕದಿಂದನ ಗೋಧಿ ಬಿಡಿಸಿ ನೋಡ್ಲಿಕ್ಕೆ ಹತ್ತಿದ್ರು. ಆಮ್ಯಾಲ ಯುದ್ಧ ಬಂತು. 1944-45ರ ಥಂಡಿಯೊಳಗ ಜರ್ಮನಿಯವರು ಪಶ್ಚಿಮ ಹಾಲೆಂಡಿಗೆ ದಿನಸಿ ಬರೂದನ್ನ ತಡದ್ರು. ಮಂದಿ ಟ್ಯೂಲಿಪ್ ಹೂವಿನ ಗಡ್ಡಿ ಕುದಿಸಿ ತಿಂದ್ರು, ಸುಮಾರು 20,000 ಮಂದಿ ಸತ್ರು. ಅದನ್ನ ಇವತ್ತಿಗೂ ಹಸಿವಿನ ಚಳಿಗಾಲ ಅಂತಾರ. ಊರಿಗೆ ಊರ ಹಸದಿದ್ದ ಕಾಲ ಈ ರೋಗದ ಕೂಸುಗಳ ಬಗ್ಗೆ ಡಿಕ್ಕೆಗಿದ್ದ ಸಂಶಯಾನ ಗಟ್ಟಿ ಮಾಡ್ತು ಅಂತ ಹೇಳ್ತಾರ. 1950ರಾಗ ಉಟ್ರೆಕ್ಟಿನ ವಿಶ್ವವಿದ್ಯಾಲಯಕ್ಕ ಅವರು ಪ್ರಬಂಧ ಕೊಟ್ರು. ಮುಂದ ಜೊತಿಗಾರರ ಕೂಡ ಮಾಡಿದ ಕೆಲಸದಾಗ, ಕಾಡೂದು ಗೋಧಿಯೊಳಗಿನ ಗ್ಲುಟೆನ್ ಅಂತ ತಿಳೀತು. ಗ್ಲುಟೆನ್ ಅಂದ್ರ ಬ್ಯಾರೆ ಏನಲ್ಲ, ಹೋಳಿಗಿ ಕಣಕ ಹರೀದಂಗ ಹಿಡಿಯೂ ಆ ಜಿಗಿನ.

ಜಿಗಿ ತಗದ ಮ್ಯಾಲ ಬ್ರೆಡ್ ನಿಲ್ಲೂದು ಹೆಂಗ? ನಾವು ಜ್ವಾಳದ ಹಿಟ್ಟಿಗೆ ಕುದಿಯೂ ಎಸರು ಹಾಕಿ ನಾದಿ ಜಿಗಿ ಬರಸ್ತೇವಿ. ಉಬ್ಬೂ ರೋಲಿಗೆ ಅಷ್ಟು ಸಾಲೂದಿಲ್ಲ. ಅಮೆರಿಕಾದ ಪಿಯೋರಿಯಾ ಊರಿನ ಸರಕಾರಿ ಲ್ಯಾಬಿನ್ಯಾಗ ಅಲ್ಲೀನ್ ಜೀನ್ಸ್ ಅನ್ನೂ ಹೆಣ್ಣಮಗಳು ಮತ್ತ ಅವರ ಜೊತಿಗಾರರು 1950ರ ದಶಕದಾಗ ಝಾಂಥನ್ ಗಮ್ ಅನ್ನೂ ಅಂಟು ಕಂಡುಹಿಡದ್ರು. ಕೋಸಿನ ಗಿಡಕ್ಕ ರೋಗ ಹಚ್ಚೂ ಒಂದು ಸೂಕ್ಷ್ಮಜೀವಿಯಿಂದ ಅದು ತಯಾರ ಆಗ್ತದ. 1969ರಾಗ ಅಲ್ಲಿ ತಿನ್ನೂ ಪದಾರ್ಥಕ್ಕ ಹಾಕಲಿಕ್ಕೆ ಒಪ್ಪಿಗಿ ಸಿಕ್ತು. ರೋಲಿನ ಪಾಕೀಟಿನ ಹಿಂದ ಓದಿ ನೋಡ್ರಿ, ಅಕ್ಕಿಹಿಟ್ಟು, ಟ್ಯಾಪಿಯೋಕಾ, ಆಲೂಗಡ್ಡಿ ಪಿಷ್ಟದ ಜೋಡಿ ಈ ಹೆಸರು ಭಾಳ ಸಲ ಇರ್ತದ.

ಈಗ ಕಲ್ಲಾಗೂ ಮಾತಿಗೆ ಬರೂಣು. ಬ್ರೆಡ್ ಒಣಗಿ ಗಟ್ಟಿ ಆಗ್ತದ ಅಂತ ನಾವು ತಿಳ್ಕೊಂಡೇವಿ. 1852ರಾಗ ಫ್ರಾನ್ಸಿನ ಬೂಸಿಂಗೋ ಅನ್ನೂ ರಸಾಯನಶಾಸ್ತ್ರಿ ಬ್ರೆಡ್ಡಿನ ನೀರು ಹಾರದಂಗ ಮುಚ್ಚಿಟ್ಟು ನೋಡಿದ್ರು. ಆದ್ರೂ ಅದು ತಂಗಳಾತು. ಮತ್ತ 70 ಡಿಗ್ರಿ ಸುಮಾರು ಕಾಸಿದ್ರ ತಾಜಾ ಆತು! ಮುಂದ ಆಮ್ಸ್ಟರ್‌ಡ್ಯಾಮಿನ ಕಾಟ್ಜ್ ಅನ್ನೂ ವಿಜ್ಞಾನಿ ಇದರ ಗುಟ್ಟು ಹಿಡದ್ರು. ಬೆಂದು ಮೆತ್ತಗಾದ ಪಿಷ್ಟ ಆರಿದ ಮ್ಯಾಲ ಮತ್ತ ಒತ್ತಾಗಿ ಜೋಡಿಸಿಕೊಂಡು ಗಟ್ಟಿ ಆಗ್ತದ. ಫ್ರಿಜ್ಜಿನಂಥಾ ಥಂಡಿಯೊಳಗ ಈ ಕೆಲಸ ಭಾಳ ಲಗೂ ನಡೀತದ. ಪೂರ್ತಿ ಹೆಪ್ಪುಗಟ್ಟಿದ್ರ ನಿಲ್ತದ, ಬಿಸಿ ಮಾಡಿದ್ರ ಹಿಂದ ಬಿಚ್ಚತದ. ಗೋಧಿ ಇಲ್ಲದ ರೋಲಿನ್ಯಾಗ ಬಹುಪಾಲು ಪಿಷ್ಟನ ಇರ್ತದ, ಹಂಗಾಗಿ ಅದು ಮೈದಾ ರೋಲಿಗಿಂತ ಲಗೂ ಕೆಡ್ತದ. ನಿನ್ನಿ ಮೆತ್ತನ್ನ ರೊಟ್ಟಿ ಬಿರುಸಾಗೂದು, ಹಂಚಿನ ಮ್ಯಾಲ ನೀರು ಚಿಮಕಿಸಿ ಕಾಸಿದ್ರ ತಿನ್ನಾಕ ಬರೂದು, ಅದೂ ಇದ ಲೆಕ್ಕ. ಖಡಕ್ ರೊಟ್ಟಿ ಮಾತ್ರ ಬ್ಯಾರೆ, ಅದರ ನೀರನ್ನ ನಾವ ತಗದಿರ್ತೇವಿ.

ಹಿಂಗಾಗಿ ಮಾಡೂದಿಷ್ಟ. ತಂದ ದಿನ ತಿನ್ನೂವಷ್ಟು ಗಾಳಿ ಹೋಗದ ಡಬ್ಬ್ಯಾಗ ಹೊರಗಿಡ್ರಿ. ಉಳದದ್ದನ್ನ ಫ್ರಿಜ್ಜಿನ್ಯಾಗ ಅಲ್ಲ, ಒಂದೊಂದಾಗಿ ಸುತ್ತಿ ಫ್ರೀಝರಿನ್ಯಾಗ ಇಡ್ರಿ, ತಿಂಗಳೊಪ್ಪತ್ತು ಛಲೋ ಇರ್ತಾವ. ಮ್ಯಾಲಿನ ಐಸಿಂಗ್ ಬ್ಯಾರೆ ಪುಡಿಕ್ಯಾಗ ಬಂದಿದ್ರ ಬ್ಯಾರೆನ ಇಡ್ರಿ, ಬಿಸಿ ಮಾಡಿದ ಮ್ಯಾಲ ಹಚ್ಚರಿ. ಕ್ರೀಮ್ ಚೀಸಿನ ಐಸಿಂಗ್ ಇದ್ರ ಅದು ಮಾತ್ರ ಫ್ರಿಜ್ಜಿನ್ಯಾಗ ಇರಬೇಕು. ಪಾಕೀಟಿನ ಮ್ಯಾಲ ಬ್ಯಾರೆ ಏನರ ಬರದಿದ್ರ ಅದನ್ನ ಕೇಳ್ರಿ.

ಕಾಸೂಮುಂದ ಒಂದು ರೋಲಿಗೆ ಹಸಿ ಟಿಶ್ಯೂ ಕಾಗದ ಹೊದಿಸಿ ಮೈಕ್ರೋವೇವಿನ್ಯಾಗ 20 ಸೆಕೆಂಡ್ ಇಟ್ಟು ನೋಡ್ರಿ, ಬೇಕಾದ್ರ ಮತ್ತ 10 ಸೆಕೆಂಡ್. ಹೆಚ್ಚಾದ್ರ ರಬ್ಬರ್ ಆಗ್ತದ. ನಾಲ್ಕಾರು ಇದ್ರ ಫಾಯಿಲ್ ಮುಚ್ಚಿ 160 ಡಿಗ್ರಿ ಒವನ್ನಿನ್ಯಾಗ 10 ನಿಮಿಷ ಸಾಕು. ತಿನ್ನೂ ಹೊತ್ತಿಗೇ ಕಾಸ್ರಿ, ಆರಿದ್ರ ಮತ್ತ ಗಟ್ಟಿ ಆಗ್ತದ.

ಕಡೀಗೆ ಒಂದ ಮಾತು. ಅಮೆರಿಕಾದ ಕಾಯ್ದೆಪ್ರಕಾರ ಗ್ಲುಟೆನ್ ಇಲ್ಲ ಅನ್ನೂ ಪಾಕೀಟಿನ್ಯಾಗ 10 ಲಕ್ಷದಾಗ 20 ಭಾಗಕ್ಕಿಂತ ಕಡಿಮಿ ಗ್ಲುಟೆನ್ ಇರಬೇಕು. ಗೋಧಿ ಬ್ರೆಡ್ ಸುಟ್ಟ ಟೋಸ್ಟರಿನ್ಯಾಗ ಇದನ್ನ ಇಟ್ರ ಆ ಲೆಕ್ಕ ಎಲ್ಲಾ ನೀರಾಗ ಹೋಮ. ಇಲ್ಲಿ ನಮ್ಮ ಗಿರಣ್ಯಾಗೂ ಹಂಗ, ಗೋಧಿ ಬೀಸಿದ ಕಲ್ಲಿನ್ಯಾಗ ಜ್ವಾಳ ಬೀಸಿಸಿದ್ರ ಆ ಹಿಟ್ಟು ಸೀಲಿಯಾಕ್ ಇದ್ದ ಕೂಸಿಗೆ ನಡಿಯೂದಿಲ್ಲ. "ಒಂದ ಚೂರ ತಿಂದ್ರ ಏನಾಗ್ತದ, ಬಿಡು" ಅನ್ನೂ ಅಜ್ಜಿ ಪ್ರೀತಿಯನ್ನ ಇಲ್ಲಿ ಕಟ್ಟಿಡ್ರಿ. ಆ ಕೂಸಿಗೆ ಒಂದು ತಾಟು, ಒಂದು ಡಬ್ಬಿ, ಒಂದು ಹಂಚು ಬ್ಯಾರೆ ಇಡೂದ ಪ್ರೀತಿ.