ಉರಿಗಾಂ: 3 ಅಕ್ಷರ, 18 ಬೈಟು

ಸರ್ವರಿನ ಪ್ರೋಗ್ರಾಂ ಬರೆಯತೊಡಗಿದ ಕನ್ನಡ ವಿದ್ಯಾರ್ಥಿಗೆ ಒದಗುವ ಮೊದಲ ತೊಡಕು ಅನೇಕ ವೇಳೆ ತರ್ಕದ್ದಲ್ಲ, ಲಿಪಿಯದು. ಕೋಲಾರದ ಚಿನ್ನದ ಗಣಿಪ್ರದೇಶದ ‘ಉರಿಗಾಂ’ ಎಂಬ ಊರಿನ ಹೆಸರನ್ನೇ ಪರಿಶೀಲಿಸೋಣ. ಓದುವವರಿಗೆ ಇದರಲ್ಲಿರುವುವು 3 ಅಕ್ಷರ. ಸ್ವರಚಿಹ್ನೆ, ಅನುಸ್ವಾರಗಳನ್ನು ಯೂನಿಕೋಡ್ ಬೇರೆಯಾಗಿ ಎಣಿಸುವುದರಿಂದ 6 ಸಂಕೇತ. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ 3ರಂತೆ 18 ಬೈಟು.

ಈ ತೊಡಕಿಗೆ ಚಾರಿತ್ರಿಕ ಕಾರಣವುಂಟು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿತ್ತು. ಆದರೂ ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಪ್ರಕಟಿಸಿದ ಪಿಎಚ್‌ಪಿಯು ಬೈಟೊಂದೇ ಅಕ್ಷರವೆಂಬ ಹಳೆಯ ಎಣಿಕೆಯ ಮೇಲೆಯೇ ಬೆಳೆಯಿತು. ಅದರ ‘ಸ್ಟ್ರ್‌ಲೆನ್’ ಇಂದಿಗೂ ಈ ಹೆಸರಿನ ಉದ್ದ 18 ಎನ್ನುತ್ತದೆ. ‘ಎಂಬಿ_ಸ್ಟ್ರ್‌ಲೆನ್’ 6 ಎಂದೂ ‘ಗ್ರಾಫೀಮ್_ಸ್ಟ್ರ್‌ಲೆನ್’ 3 ಎಂದೂ ತಿಳಿಸುತ್ತವೆ. ಹೆಸರನ್ನು 10 ಬೈಟಿಗೆ ಕತ್ತರಿಸಿದರೆ ‘ಉರಿ’ ಉಳಿದು ಗಕಾರವು ಒಡೆಯುತ್ತದೆ. ಮೈಎಸ್‌ಕ್ಯೂಎಲ್ ಸಹ 2018ರ 8.0 ಆವೃತ್ತಿಯವರೆಗೆ ಲ್ಯಾಟಿನ್-1 ಕ್ರಮವನ್ನೇ ತಾನಾಗಿ ಅನುಸರಿಸುತ್ತಿತ್ತು. ಅದರಲ್ಲಿ ಕನ್ನಡವು ಪ್ರಶ್ನಚಿಹ್ನೆಗಳಾಗಿ ಶೇಖರವಾದರೆ ಮೂಲವನ್ನು ಮರಳಿ ಪಡೆಯಲಾಗದು.

ಆದುದರಿಂದ ಪುಟ, ಸಂಪರ್ಕ, ಕೋಷ್ಟಕ ಮೂರಕ್ಕೂ ಒಂದೇ ಸಂಕೇತಕ್ರಮವಿರಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಅದು ‘ಯುಟಿಎಫ್8ಎಂಬಿ4’. ವಿದ್ಯಾರ್ಥಿಯು ಮೊದಲ ದಿನವೇ ತನ್ನ ಊರಿನ ಹೆಸರನ್ನು ಬರೆದು, ಶೇಖರಿಸಿ, ಮತ್ತೆ ಓದಿ ನೋಡಲಿ. ದೋಷವು ಅವನ ಬುದ್ಧಿಯದಲ್ಲ, ಕನ್ನಡವನ್ನು ನೆನೆಯದೆ ರಚಿತವಾದ ಎಣಿಕೆಯದೆಂಬುದು ಆಗ ವಿಶದವಾಗುವುದು.