ಹೆಲ್ಸಿಂಗ್‌ಲಾಂಡಿನ ರೈತಮನೆಗಳು

ವಾಸ್ತುವೈಭವವೆಂದೊಡನೆ ಅರಮನೆ, ದೇಗುಲಗಳನ್ನು ನೆನೆಯುವುದು ನಮ್ಮ ರೂಢಿ. ನೇಗಿಲು ಹಿಡಿದವನ ಮನೆಗೂ ಒಂದು ಚರಿತ್ರೆಯುಂಟು. ಸ್ವೀಡನ್ ದೇಶದ ಹೆಲ್ಸಿಂಗ್‌ಲಾಂಡ್ ಸೀಮೆ ಇದಕ್ಕೆ ಒಳ್ಳೆಯ ನಿದರ್ಶನ.

ಬೋತ್ನಿಯ ಕೊಲ್ಲಿಯ ಪಡುವಣ ದಡದ ಈ ಸೀಮೆ ಕಾಡು ಕಣಿವೆಗಳ ನಾಡು. ಇಲ್ಲಿಯ ರೈತರು ತಮ್ಮ ನೆಲಕ್ಕೆ ತಾವೇ ಒಡೆಯರಾಗಿದ್ದರು. ಅಗಸೆಯ ನಾರು, ಅದರಿಂದ ನೇಯ್ದ ಬಟ್ಟೆ ಹಾಗೂ ಕಾಡಿನ ಮರ ಅವರಿಗೆ ಹಣ ತಂದವು. 19ನೆಯ ಶತಮಾನದಲ್ಲಿ ಆ ಸಂಪತ್ತೆಲ್ಲ ಮನೆಗಳ ರೂಪ ತಳೆಯಿತು. ಅಂಗಳದ ಸುತ್ತ ಮರದ ದಿಮ್ಮಿಗಳ ಕಟ್ಟಡಗಳು, ಕೆತ್ತನೆಯ ಮೊಗಸಾಲೆಗಳು ಎದ್ದವು. ಲೋಂಗ್‌ಹೆಡ್ ಗ್ರಾಮದ ಯೋನ್-ಲಾರ್ಸ್ ಮನೆಯಂತೂ ಇಬ್ಬರು ಸೋದರರ ಸಂಸಾರಗಳಿಗಾಗಿ ಕಟ್ಟಿದ್ದು.

ಈ ಮನೆಗಳಲ್ಲಿ ಮದುವೆ ಮೊದಲಾದ ಶುಭಕಾರ್ಯಗಳಿಗೆಂದೇ ಮೀಸಲಾದ ಕೋಣೆಗಳಿರುತ್ತಿದ್ದವು. ಕೆಲವೆಡೆ ಅದಕ್ಕಾಗಿ ಬೇರೆ ಮನೆಯೇ ಇರುತ್ತಿತ್ತು. ಪಕ್ಕದ ದಾಲಾರ್ನ ಸೀಮೆಯಿಂದ ಊರೂರು ಸುತ್ತುತ್ತ ಬಂದ ಚಿತ್ರಗಾರರು ಅವುಗಳ ಗೋಡೆಗಳ ಮೇಲೆ ಹೂಬಳ್ಳಿಗಳನ್ನೂ ಬೈಬಲಿನ ಪ್ರಸಂಗಗಳನ್ನೂ ಬರೆದರು. ದಿನದ ಬಳಕೆ ಇಲ್ಲದ್ದರಿಂದಲೇ ಆ ಬಣ್ಣಗಳು ಮಾಸದೆ ಉಳಿದವು.

ಗೋಡೆ ಮಾತ್ರ ತಾನಾಗಿ ಉಳಿಯುವುದಲ್ಲ. ನೆಲದ ತೇವಕ್ಕೆ ಮೊದಲು ಕೊಳೆಯುವುದು ತಳದ ದಿಮ್ಮಿ. ಆಗ ಮನೆಯನ್ನೇ ತುಸು ಮೇಲೆತ್ತಿ, ಕೊಳೆತದ್ದನ್ನು ತೆಗೆದು, ಹೊಸ ದಿಮ್ಮಿಯನ್ನು ಕೂಡಿಸಬೇಕು. ಹೊರಗೋಡೆಗೆ ಬಳಿಯುವ ಕೆಂಪು ಬಣ್ಣವೂ ಆಗಾಗ ಹೊಸದಾಗಬೇಕು. ಫಾಲುನ್ ತಾಮ್ರದ ಗಣಿಯ ಮಣ್ಣು, ರೈ ಧಾನ್ಯದ ಹಿಟ್ಟು, ನೀರು, ಅಗಸೆಯ ಎಣ್ಣೆ ಸೇರಿ ಆಗುವ ಬಣ್ಣವದು. ಅಜ್ಜ ಬಳಿದದ್ದರ ಮೇಲೆ ಮೊಮ್ಮಗನೂ ಬಳಿಯಬೇಕು.

1891ರಲ್ಲಿ ಆರ್ತುರ್ ಹಾಜೆಲಿಯುಸ್ ಸ್ಟಾಕ್‌ಹೋಮಿನಲ್ಲಿ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯವನ್ನು ತೆರೆದ. ದೇಶದ ನಾನಾ ಕಡೆಯ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಜೋಡಿಸಲಾಯಿತು. ಹೆಲ್ಸಿಂಗ್‌ಲಾಂಡಿನ ಡೆಲ್ಸ್‌ಬೋ ಗ್ರಾಮದ ಮನೆಯೂ ಅಲ್ಲಿದೆ. ಇದು ಸಣ್ಣ ಉಪಕಾರವಲ್ಲ. ಆದರೆ ಮನೆಯನ್ನು ಹೊತ್ತು ತರಬಹುದು. ಅದರ ಹೊಲವನ್ನೂ ಕಾಡನ್ನೂ ತರಲಾಗದು. ಇದ್ದಲ್ಲಿಯೇ ಮನೆಯನ್ನು ಉಳಿಸಿದ ಕುಟುಂಬಗಳ ಹಿರಿಮೆ ಇರುವುದು ಇಲ್ಲಿ.

2012ರಲ್ಲಿ ಯುನೆಸ್ಕೋ ಸಂಸ್ಥೆ ಇಂಥ ಏಳು ಮನೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸೀಮೆಯಲ್ಲಿ ಉಳಿದಿರುವ ರೈತಮನೆಗಳಾದರೋ ಸಾವಿರಕ್ಕೂ ಮಿಕ್ಕಿವೆ. ಪಟ್ಟಿಯ ಹೊರಗಿನ ಮನೆಗಳಿಗೆ ಆ ಕೀರ್ತಿಯ ಆಸರೆಯಿಲ್ಲ. ಹಿರಿಯರ ಮನೆಯೆಂಬುದು ಆಸ್ತಿ ಹೇಗೋ ಹಾಗೆ ಹೊರೆಯೂ ಹೌದು. ಪಟ್ಟಣ ಸೇರಿದ ಮಕ್ಕಳು ಆ ಹೊರೆಗೆ ಹೆಗಲು ಕೊಟ್ಟರೆ ಮಾತ್ರ ತಳದ ದಿಮ್ಮಿ ಮತ್ತೊಮ್ಮೆ ಬದಲಾದೀತು.