ಸೈಕಲ್ ಚರಿತ್ರೆ, ಕಂತು 4: ಆರಾಮದ ಸೈಕಲ್ ಅಂದ್ರೆ ನಿಧಾನದ ಸೈಕಲ್ಲಾ?

1/5
"ಆರಾಮದ ಸೈಕಲ್ ಅಂಕಲ್‌ಗಳಿಗೆ. ನಮಗೆ ರೇಸ್ ಸೈಕಲ್ಲೇ ಬೇಕು." ಹೋದ ವಾರ ಕ್ಯಾಂಟೀನಲ್ಲಿ ಕೇಳಿದ ಮಾತು. ಹೇಳಿದವರ ಹೆಸರು ಬರೆಯಲ್ಲ, ಅವರಿಗೇ ಗೊತ್ತು! ಆದ್ರೆ ನಿಮ್ಮಲ್ಲಿ ಎಷ್ಟೋ ಜನ ಸೈಕಲ್‌ಗೆ ಅಂತ ದುಡ್ಡು ಕೂಡಿಡ್ತಿದ್ದೀರಿ. ಕೊಳ್ಳೋ ಮುಂಚೆ ಈ ಕಥೆ ಓದಿ.

1888, ಬೆಲ್‌ಫಾಸ್ಟ್. ಆಗಿನ ಸೈಕಲ್‌ಗಳಿಗೆ ಗಟ್ಟಿ ರಬ್ಬರ್ ಟೈರು. ಜಾನ್ ಡನ್‌ಲಪ್ ಅನ್ನೋ ಪಶುವೈದ್ಯರು ಮಗನ ಮೂರುಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿದರು. ಮಗು ಆರಾಮಾಗಿ ಓಡಿಸಲಿ ಅಂತ. ಮರುವರ್ಷವೇ ವಿಲ್ಲಿ ಹ್ಯೂಮ್ ಅದೇ ಬಗೆಯ ಟೈರ್ ಹಾಕಿಕೊಂಡು ಬೆಲ್‌ಫಾಸ್ಟ್‌ನಲ್ಲಿ ರೇಸ್ ಗೆದ್ದ. ಕಾರಣ ಸರಳ. ಗಟ್ಟಿ ಚಕ್ರ ಕಲ್ಲಿಗೆ ಬಡಿದಾಗ ಸೈಕಲ್ಲನ್ನೂ ನಿಮ್ಮನ್ನೂ ಮೇಲಕ್ಕೆ ಎತ್ತಿ ಹಾಕುತ್ತೆ, ಮುಂದಕ್ಕೆ ಹೋಗಬೇಕಾದ ಶಕ್ತಿ ಅಲ್ಲೇ ಸೋರಿಹೋಗುತ್ತೆ. ಗಾಳಿ ಟೈರು ಆ ಕಲ್ಲನ್ನ ನುಂಗಿಬಿಡುತ್ತೆ.

2/5
ಈ ಪಾಠ ಜನಕ್ಕೆ ಆಗಾಗ ಮರೆತುಹೋಗ್ತಿತ್ತು. ನೆನಪಿಸೋಕೆ ಒಂದು ರೇಸ್ ಇತ್ತು: ಫ್ರಾನ್ಸಿನ ಪ್ಯಾರಿಸ್–ರೂಬೆ, 1896ರಲ್ಲಿ ಶುರುವಾದದ್ದು. ಈಗಲೂ ಸುಮಾರು 260 ಕಿ.ಮೀ. ಓಟದಲ್ಲಿ 50 ಕಿ.ಮೀ.ಗೂ ಹೆಚ್ಚು ಹಳೇ ಕಲ್ಲುಹಾಸಿನ ದಾರಿ. ಉಳಿದ ಕಡೆ ರಸ್ತೆಗಳು ನುಣುಪಾದಂತೆ ರೇಸ್ ಸೈಕಲ್‌ಗಳು ಗಿಡ್ಡ ಆದವು, ಬಿಗಿ ಆದವು, ಟೈರು 23 ಮಿ.ಮೀ. ಅಥವಾ ಅದಕ್ಕೂ ಸಣ್ಣ ಆಯ್ತು. ರೂಬೆಯ ಕಲ್ಲು ಮಾತ್ರ ಹಾಗೇ ಇತ್ತು.

1992 ಮತ್ತು 1993ರಲ್ಲಿ ಡ್ಯೂಕ್ಲೋ-ಲಸಾಲ್, 1994ರಲ್ಲಿ ಚಿಮಿಲ್, ಇಬ್ಬರೂ ಮೌಂಟನ್ ಬೈಕ್ ಥರದ ರಾಕ್‌ಶಾಕ್ಸ್ ಸಸ್ಪೆನ್ಶನ್ ಫೋರ್ಕ್ ಹಾಕಿ ಗೆದ್ದರು. ಆದ್ರೂ ಅದು ಉಳಿಯಲಿಲ್ಲ. ಭಾರ ಜಾಸ್ತಿ, ಎದ್ದು ನಿಂತು ತುಳಿದ್ರೆ ಮುಂಭಾಗ ಕುಪ್ಪಳಿಸುತ್ತೆ.

3/5
ಆಮೇಲೆ ಬಂದ ಉಪಾಯ: ಸ್ಪ್ರಿಂಗ್ ಬೇಡ, ಸೈಕಲ್ಲಿನ ಅಳತೆಯನ್ನೇ ಬದಲಿಸೋಣ. 2004ರ ಸುಮಾರಿಗೆ ಅಮೆರಿಕದ ಸ್ಪೆಷಲೈಜ್ಡ್ ಕಂಪನಿ ಇಂಥ ಸೈಕಲ್ಲಿಗೆ ‘ರೂಬೆ’ ಅಂತಲೇ ಹೆಸರಿಟ್ಟಿತು. ಈ ಬಗೆಗೆ ಇವತ್ತು ಎಂಡ್ಯೂರೆನ್ಸ್ ಬೈಕ್ ಅಂತಾರೆ. ಬದಲಾಗೋದು ಮುಖ್ಯವಾಗಿ ಮೂರು.

ಒಂದು, ಹ್ಯಾಂಡಲ್ ಸ್ವಲ್ಪ ಎತ್ತರ, ಸ್ವಲ್ಪ ಹತ್ತಿರ. ಬೆನ್ನು ಕಡಿಮೆ ಬಾಗುತ್ತೆ, ಅಂಗೈ ಜೋಮು ಹಿಡಿಯೋದು ಕಡಿಮೆ.

ಎರಡು, ಎರಡು ಚಕ್ರಗಳ ನಡುವಿನ ಅಂತರ ಒಂದೆರಡು ಸೆಂ.ಮೀ. ಉದ್ದ. ಮುಂದಿನ ಚಕ್ರ ಹಂಪ್ ಹತ್ತಿದಾಗ ಇಡೀ ಸೈಕಲ್ ವಾಲೋದು ಕಡಿಮೆ.

ಮೂರು, ಮುಂದಿನ ಫೋರ್ಕ್ ಸ್ವಲ್ಪ ಹೆಚ್ಚು ಓರೆ. ಹಾಗಾಗಿ ಚಕ್ರ ನೆಲ ಮುಟ್ಟೋ ಜಾಗ, ಹ್ಯಾಂಡಲ್ ತಿರುಗೋ ಗೆರೆಗಿಂತ ಸಾಮಾನ್ಯವಾಗಿ ಇನ್ನಷ್ಟು ಹಿಂದೆ ಬೀಳುತ್ತೆ. ಇದಕ್ಕೆ ಟ್ರೇಲ್ ಅಂತ ಹೆಸರು. ಸೂಪರ್‌ಮಾರ್ಕೆಟ್ ಟ್ರಾಲಿಯ ಚಕ್ರ ನೆನಪಿಸಿಕೊಳ್ಳಿ, ತಳ್ಳಿದ್ರೆ ತಾನಾಗೇ ನೇರ ಆಗುತ್ತೆ ಅಲ್ವಾ? ಅದೇ ಗುಣ.

4/5
ಇದೆಲ್ಲ ಪುಕ್ಕಟೆ ಅಲ್ಲ. ಇದನ್ನ ಅಂಗಡಿಯವರು ಹೇಳಲ್ಲ, ನಾನು ಹೇಳ್ತೀನಿ.

ನೇರ ಓಡೋಕೆ ಇಷ್ಟಪಡೋ ಸೈಕಲ್ ತಿರುಗೋಕೆ ಸ್ವಲ್ಪ ಹಟ ಮಾಡುತ್ತೆ. ಇಳಿಜಾರಲ್ಲಿ ಒಂದು ಕೈಯಲ್ಲಿ ಬಾಟಲಿ ತೆಗೆದ್ರೂ ಅಲುಗಾಡಲ್ಲ. ಆದ್ರೆ ಗುಂಪಿನ ನಡುವೆ ಥಟ್ಟನೆ ಪಕ್ಕಕ್ಕೆ ಸರಿಯಬೇಕಾದ್ರೆ ರೇಸ್ ಸೈಕಲ್ಲೇ ಚುರುಕು. ನೆಟ್ಟಗೆ ಕೂತ್ರೆ ಎದೆಗೆ ಗಾಳಿ ಜಾಸ್ತಿ. ಮೈಭಾರ ಹಿಂದಕ್ಕೆ ಹೋಗೋದ್ರಿಂದ ಜೋರು ತಿರುವಿನಲ್ಲಿ ಮುಂದಿನ ಚಕ್ರ ಹಗುರ ಅನ್ನಿಸುತ್ತೆ. ಮೊಣಕೈ ಮಡಚಿ ಮುಂದಕ್ಕೆ ಬಾಗಬೇಕು. ಅಂದ್ರೆ ಆರಾಮ ಅನ್ನೋದು ಸೀಟಿನ ವಿಷಯ ಮಾತ್ರ ಅಲ್ಲ, ಸೈಕಲ್ಲಿನ ಸ್ವಭಾವವೇ ಬದಲಾಗುತ್ತೆ.

5/5
ಹಾಗಾದ್ರೆ ಗೆದ್ದದ್ದು ಯಾವುದು? 2013ರಲ್ಲಿ ಕ್ಯಾನ್ಸೆಲಾರಾ ಟ್ರೆಕ್ ಡೊಮಾನೆ ಮೇಲೆ ರೂಬೆ ಗೆದ್ದ. ಅದು ಸೀಟಿನ ಕೆಳಗಿನ ಕೊಳವೆ ಬಾಗಲಿ ಅಂತಲೇ ಕಟ್ಟಿದ ಆರಾಮದ ಸೈಕಲ್. 2024ರಲ್ಲಿ ವ್ಯಾನ್ ಡರ್ ಪೂಲ್ ಗೆದ್ದದ್ದು ಗಾಳಿ ಸೀಳೋ ಅಪ್ಪಟ ರೇಸ್ ಸೈಕಲ್ ಮೇಲೆ. ಗಂಟೆಗೆ ಸುಮಾರು 47.8 ಕಿ.ಮೀ., ಅದುವರೆಗಿನ ಅತಿ ವೇಗದ ರೂಬೆ. ಆದ್ರೆ ಟೈರ್ ನೋಡಿ: ಸುಮಾರು 32 ಮಿ.ಮೀ.! ಆರಾಮ ಹೋಗಿಲ್ಲ ಗುರು, ಫ್ರೇಮಿನಿಂದ ಟೈರಿಗೆ ಇಳಿದಿದೆ. ಡನ್‌ಲಪ್ ಶುರು ಮಾಡಿದ ಜಾಗಕ್ಕೇ ವಾಪಸ್.

ಹಾಗಾಗಿ ಸೈಕಲ್ ಕೊಳ್ಳೋವಾಗ ಬಣ್ಣಕ್ಕಿಂತ ಮುಂಚೆ ಒಂದು ಪ್ರಶ್ನೆ ಕೇಳಿ: ಇದಕ್ಕೆ ಎಷ್ಟು ಅಗಲದ ಟೈರ್ ಹಿಡಿಸುತ್ತೆ? ಟೈರನ್ನ ನಾಳೆ ಬದಲಿಸಬಹುದು, ಫ್ರೇಮಿನ ಸಂದಿಯನ್ನ ಆಗಲ್ಲ. ಈಗಾಗ್ಲೇ ಸೈಕಲ್ ಇದ್ದವರು ಗಾಳಿಯನ್ನ ಕಲ್ಲಿನ ಹಾಗೆ ತುಂಬಿಸಬೇಡಿ. ಸ್ವಲ್ಪ ಇಳಿಸಿ ಒಂದು ಸುತ್ತು ಹೋಗಿಬನ್ನಿ. ತೀರಾ ಇಳಿಸಿದ್ರೆ ತಿರುವಿನಲ್ಲಿ ಟೈರ್ ಓಲಾಡುತ್ತೆ, ಗುಂಡಿಯಲ್ಲಿ ಟ್ಯೂಬ್ ರಿಮ್ಮಿಗೆ ಸಿಕ್ಕಿ ಪಂಕ್ಚರ್ ಆಗುತ್ತೆ, ಹುಷಾರು.

ಏನು ಫರಕ್ ಅನ್ನಿಸ್ತು ಅಂತ ಕಮೆಂಟಲ್ಲಿ ಬರೀರಿ. ಕ್ಯಾಂಟೀನ್ ಗೆಳೆಯ, ನೀನೂ!